ಇಷ್ಟು ಜನಕ್ಕೆ ರೊಟ್ಟಿ ಬೇಯಿಸಿದವರು ಯಾರು?

ನಂಜನಗೂಡಿನಿಂದ ಮೈಸೂರಿಗೆ ಹೋಗಿ ಅಲ್ಲಿಂದ ಬೆಂಗಳೂರಿನ ರೈಲು ಹತ್ತಿದವರೆಲ್ಲ ಅವನ ಹೆಸರಿನ ನಿಲ್ದಾಣದಲ್ಲಿ ಇಳಿದಿದ್ದೇವೆ. ಟಿಕೆಟ್ಟಿನಲ್ಲಿ ‘ಕೆಎಸ್‌ಆರ್’ ಎಂದು ಇರುತ್ತದೆ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ. ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26 ಎಂದು ಹೈಸ್ಕೂಲಿನಿಂದಲೂ ಭಾಷಣ ಮಾಡಿ ಮಾಡಿ ನಮಗೆಲ್ಲ ಬಾಯಿಪಾಠವಾಗಿದೆ. ನಾನು ಬರೆಯಲು ಹೊರಟಿರುವುದು ಅವನ ಬಗ್ಗೆ ಅಲ್ಲ. ಅವನನ್ನು ಬಚ್ಚಿಟ್ಟವರ ಬಗ್ಗೆ.

‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಸಿನಿಮಾ ಬಂದದ್ದು 2012ರಲ್ಲಿ. ನಿರ್ದೇಶಕ ನಾಗಣ್ಣ, ರಾಯಣ್ಣನಾಗಿ ದರ್ಶನ್, ಕಿತ್ತೂರು ಚೆನ್ನಮ್ಮನಾಗಿ ಜಯಪ್ರದಾ. ಟಿ.ವಿ.ಯಲ್ಲಿ ಅದು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ನಮ್ಮದು ಉರ್ದು ಮಾತಾಡುವ ಮನೆ. ಅಮ್ಮಿಗೆ ಕನ್ನಡ ಸಿನಿಮಾ ಚೆನ್ನಾಗಿ ಅರ್ಥವಾಗುತ್ತದೆ. ನಾನಿಗೆ ಮಾತ್ರ ಪಕ್ಕದಲ್ಲಿ ಕೂತು ಯಾರಾದರೂ ಹೇಳುತ್ತಿರಬೇಕು. ರಾಯಣ್ಣನ ಪಡೆ ಕಾಡಿನಲ್ಲಿ ಸೇರಿ ಘೋಷಣೆ ಕೂಗುವಾಗ ನಾನು ಮೈ ಮರೆತು ನೋಡುತ್ತಿದ್ದರೆ, ನಾನಿ ತಸ್ಬೀಹ್ ನಿಲ್ಲಿಸಿ ಕೇಳಿದರು: “ಇತ್ತೆ ಲೋಗಾಂಕು ರೋಟಿ ಕೌನ್ ಪಕಾರೆ?” ಇಷ್ಟು ಜನಕ್ಕೆ ರೊಟ್ಟಿ ಯಾರು ಬೇಯಿಸುತ್ತಿದ್ದಾರೆ?

ಎಲ್ಲರೂ ನಕ್ಕೆವು. ಸಿನಿಮಾ ಮುಗಿಯಿತು. ಆ ಪ್ರಶ್ನೆ ಮಾತ್ರ ಉಳಿಯಿತು, ಏಕೆಂದರೆ ಸುಮಾರು ಮೂರು ಗಂಟೆಯ ಆ ಸಿನಿಮಾ ನೋಡಿದ ಮೇಲೂ ಅವನಿಗೆ ಊಟ ಹಾಕಿದ ಒಬ್ಬ ಹೆಂಗಸಿನ ಹೆಸರೂ ನನ್ನ ನೆನಪಿನಲ್ಲಿರಲಿಲ್ಲ.

ಇತಿಹಾಸ ವಿಭಾಗದವರಿಗೆ ಗೊತ್ತಿರುವುದೇ, ಆದರೂ ನಮ್ಮ ಕಾಮರ್ಸ್ ಬೆಂಚಿಗಾಗಿ ಸ್ವಲ್ಪ ಹೇಳುತ್ತೇನೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು, 1829ರ ಫೆಬ್ರವರಿಯಲ್ಲಿ ಅವಳು ಅಲ್ಲೇ ತೀರಿಕೊಂಡಳು. ರಾಯಣ್ಣನೂ ಸಿಕ್ಕಿಬಿದ್ದು ಬಿಡುಗಡೆಯಾದವನು. ಅವನು ರಾಜನೂ ಅಲ್ಲ, ದೇಸಾಯಿಯೂ ಅಲ್ಲ. ಶೇತಸನದಿ. ಅಂದರೆ ಸಂಬಳದ ಬದಲು ಹೊಲ ಪಡೆದು ಸೇವೆ ಮಾಡುವ ಸಿಪಾಯಿ. ಕಿತ್ತೂರು ಹೋದ ಮೇಲೆ ಇಂಥವರ ಹೊಲಗಳ ಮೇಲೆ ಕಂಪನಿಯ ಕಣ್ಣು ಬಿತ್ತು. ಕೆಲವರ ಭೂಮಿ ಹೋಯಿತು, ಕೆಲವರಿಗೆ ಕಂದಾಯ ಏರಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮಾಲೀಕ ಬದಲಾದ, ಹಳೆಯ ನೌಕರರ ಸಂಬಳದ ಖಾತೆಯನ್ನೇ ಹೊಸ ಮಾಲೀಕ ರದ್ದು ಮಾಡಿದ.

1830ರ ಆರಂಭದಲ್ಲಿ ರಾಯಣ್ಣನ ಪಡೆ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟಿತು. ಅವರು ಖಜಾನೆಯ ಜೊತೆಗೆ ದಾಖಲೆಪತ್ರಗಳನ್ನೂ ಗುರಿ ಮಾಡಿದ್ದರು ಎನ್ನುವುದು ನನಗೆ ಇಷ್ಟವಾದ ಸಂಗತಿ. ಲೆಕ್ಕದ ಪುಸ್ತಕ ಎಷ್ಟು ಅಪಾಯದ ವಸ್ತು ಎಂದು ಅವರಿಗೆ ಅಕೌಂಟೆನ್ಸಿ ಓದದೆಯೇ ಗೊತ್ತಿತ್ತು. ಆಮೇಲೆ ಖಾನಾಪುರದ ಕಡೆಯ ಕಾಡು, ಹಂಡಿಬಡಗನಾಥದ ಗುಡ್ಡ. ಊರಿಂದ ಊರಿಗೆ ಓಡಾಟ. ಕಂಪನಿಯ ಸೈನ್ಯ ಬೆನ್ನು ಹತ್ತಿದರೂ ಏಪ್ರಿಲ್‌ವರೆಗೆ ಅವನು ಸಿಗಲಿಲ್ಲ.

ಯಾಕೆ ಸಿಗಲಿಲ್ಲ? ಸಿನಿಮಾ ಕೊಡುವ ಉತ್ತರ ಅವನ ಕತ್ತಿ. ನನ್ನ ಉತ್ತರ ಬೇರೆ.

ಸುಮ್ಮನೆ ಒಂದು ಲೆಕ್ಕ ಹಾಕೋಣ. ಪಡೆಯಲ್ಲಿ 300 ಜನ ಎಂದಿಟ್ಟುಕೊಳ್ಳಿ. ತಲೆಗೆ ದಿನಕ್ಕೆ ಆರು ಜೋಳದ ರೊಟ್ಟಿ. ಒಟ್ಟು 1,800 ರೊಟ್ಟಿ. ಆಗ ಗಿರಣಿ ಇಲ್ಲ. ಬೀಸುವ ಕಲ್ಲಿನಲ್ಲಿ ಕೈಯಿಂದ ಬೀಸಬೇಕು. ಕಲ್ಲಿನ ಸದ್ದು ರಾತ್ರಿ ಇಡೀ ಓಣಿಗೆ ಕೇಳುತ್ತದೆ. ಇಬ್ಬರೇ ಇರುವ ಮನೆಯಲ್ಲಿ ಬೆಳಗಿನ ಜಾವದವರೆಗೆ ಕಲ್ಲು ಯಾಕೆ ತಿರುಗುತ್ತಿದೆ ಎಂದು ಪಕ್ಕದ ಮನೆಯವರಿಗೆ ಗೊತ್ತಾಗದೇ ಇರುತ್ತದೆಯೇ? ಒಲೆಯ ಹೊಗೆ ಕಾಣುತ್ತದೆ. ಹೊಸಬರನ್ನು ಕಂಡು ನಾಯಿ ಬೊಗಳುತ್ತದೆ. ಬಾವಿಯಿಂದ ನಾಲ್ಕು ಕೊಡ ತರುತ್ತಿದ್ದ ಹುಡುಗಿ ಎಂಟು ಕೊಡ ತರುತ್ತಾಳೆ. ಮನೆಯ ಚಿಕ್ಕ ಮಗು ಹೊರಗೆ ಆಡುವಾಗ “ನಮ್ಮ ಹಟ್ಟಿಯಲ್ಲಿ ಮಾಮಾ ಮಲಗಿದ್ದಾರೆ” ಎಂದು ಒಂದು ಮಾತು ಬಾಯಿ ಬಿಟ್ಟರೆ ಮುಗಿಯಿತು. ಆ ಮಗುವಿಗೆ ಏನು ಹೇಳಿ ಸುಮ್ಮನಿರಿಸಿದರು? ನನಗೆ ಇದು ಕುದುರೆ ಓಟಕ್ಕಿಂತ ಹೆಚ್ಚು ಎದೆ ಬಡಿಸುವ ದೃಶ್ಯ. ನಮ್ಮಲ್ಲಿ ಯಾರೂ ಅದನ್ನು ತೆಗೆದಿಲ್ಲ ಎಂಬುದೇ ನನ್ನ ದೂರು.

ಹಾಗೆಂದು ಊರಿನವರೆಲ್ಲ ದೇಶಭಕ್ತಿಯಿಂದಲೇ ಬಾಗಿಲು ತೆರೆದರು ಎಂದು ನಾನು ನಂಬುವುದಿಲ್ಲ. ಕೆಲವರ ಹೊಲವೂ ಹೋಗಿತ್ತು. ಕೆಲವರಿಗೆ ಅವನು ನೆಂಟ, ಕೆಲವರಿಗೆ ಜಾತಿಯವನು. ಕೆಲವರು ಹೆದರಿಯೂ ಕೊಟ್ಟಿರಬೇಕು. ಕೈಯಲ್ಲಿ ಆಯುಧ ಹಿಡಿದ ಹಸಿದ ಗಂಡಸರು ನಡುರಾತ್ರಿ ಬಂದು ರೊಟ್ಟಿ ಕೇಳಿದರೆ ಇಲ್ಲ ಎನ್ನುವುದು ಸುಲಭವಲ್ಲ. ಸಿನಿಮಾದ ಊರಿನವರು ಸಾಲಾಗಿ ನಿಂತು ಜೈಕಾರ ಹಾಕುತ್ತಾರೆ. ನಿಜವಾದ ಊರಿನಲ್ಲಿ ಒಂದೇ ಮನೆಯಲ್ಲಿ ಗಂಡ ಬೇಡ ಎಂದಿರಬಹುದು, ಹೆಂಡತಿ ಬರಲಿ ಎಂದಿರಬಹುದು.

ರಾಯಣ್ಣನ ಜೊತೆಗಿದ್ದವರಲ್ಲಿ ಸಿದ್ದಿಗಳೂ ಇದ್ದರು. ಗಜವೀರನ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆಫ್ರಿಕಾ ಮೂಲದ ಸಿದ್ದಿ ಜನ ಇಂದಿಗೂ ಯಲ್ಲಾಪುರ, ಹಳಿಯಾಳ, ಖಾನಾಪುರದ ಕಡೆ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕಾಡು ಅವರದ್ದು, ದಾರಿ ಗೊತ್ತಿದ್ದದ್ದು ಅವರಿಗೆ. ಆದರೆ ನಮ್ಮ ಭಾಷಣಗಳಲ್ಲಿ ಸಿದ್ದಿಗಳು ಒಂದು ವಾಕ್ಯ, ಅದೂ ಪುರುಸೊತ್ತಿದ್ದರೆ.

ಶಿಕ್ಷೆಯ ವಿಷಯ. ರಾಯಣ್ಣನ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೊರಿಸಿದರು ಎಂಬ ಕಥೆ ಆ ಕಡೆಯ ಜನರ ಬಾಯಲ್ಲಿ ಇಂದಿಗೂ ಇದೆ. ಮಗ ಕುದುರೆ ಏರಿ ಕಾಡು ಸೇರಬಹುದು, ತಾಯಿ ಎಲ್ಲಿಗೆ ಹೋಗುತ್ತಾಳೆ? ಬಚ್ಚಿಟ್ಟುಕೊಂಡ ಸೈನಿಕನಿಗೆ ಓಡುವ ದಾರಿ ಇರುತ್ತದೆ. ಬಚ್ಚಿಟ್ಟವರಿಗೆ ಮನೆ ಇರುತ್ತದೆ, ಎಮ್ಮೆ ಇರುತ್ತದೆ, ಹಾಸಿಗೆ ಹಿಡಿದ ಮುದುಕರು ಇರುತ್ತಾರೆ. ಅವರು ಬೆಳಗ್ಗೆಯೂ ಅಲ್ಲೇ ಇರಬೇಕು.

ರಾಯಣ್ಣ ಡೋರಿ ಬೆಣಚಿ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ನಂಬಿದವರೇ ಹಿಡಿದುಕೊಟ್ಟರು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಖೋದಾನಪುರದ ಗೌಡ, ನೇಗಿನಹಾಳದ ಗೌಡ ಎಂದು ಆ ದ್ರೋಹಿಗಳ ಹೆಸರು ಇಂದಿಗೂ ಹೇಳುತ್ತಾರೆ. ಸಿನಿಮಾದಲ್ಲಿ ಅವರು ತೆರೆಗೆ ಬಂದರೆ ಸಂಗೀತವೇ ಬದಲಾಗುತ್ತದೆ, ನಮಗೆ ಮೊದಲೇ ಗೊತ್ತಾಗಿಬಿಡುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲು. ಸಮಾಧಿಯ ಬಳಿಯ ಆಲದ ಮರ ಇನ್ನೂ ಇದೆ, ಜನ ಹೋಗಿ ಹರಕೆ ಕಟ್ಟುತ್ತಾರೆ.

ಇಲ್ಲಿ ನನ್ನ ವಾದ ಇಷ್ಟು: ಹೇಳಿಕೊಟ್ಟ ಇಬ್ಬರು ಮೂವರ ಹೆಸರು ನಮಗೆ ಗೊತ್ತು. ಅಷ್ಟು ತಿಂಗಳು ಹೇಳದೇ ಇದ್ದವರು ಎಷ್ಟು ಮಂದಿ? ಒಂದೊಂದು ಊರಿನಲ್ಲೂ ಕಲ್ಲಿನ ಸದ್ದು ಕೇಳಿದವರು, ಹೊಗೆ ನೋಡಿದವರು, ದಾರಿಯಲ್ಲಿ ಹೆಜ್ಜೆ ಗುರುತು ಕಂಡವರು. ಅವರ ಹೆಸರು ಕಂಪನಿಯ ಕಡತದಲ್ಲಿ ಇರಲು ಸಾಧ್ಯವಿಲ್ಲ. ಆಡಿದ ಮಾತಿಗೆ ದಾಖಲೆ ಇರುತ್ತದೆ, ಆಡದ ಮಾತಿಗೆ ಇರುವುದಿಲ್ಲ. ಹೀಗಾಗಿ ದ್ರೋಹಿ ಇತಿಹಾಸ ಸೇರಿದ, ಬಾಯಿ ಮುಚ್ಚಿಕೊಂಡು ಕಾಪಾಡಿದವಳು ಸೇರಲಿಲ್ಲ.

ಈ ವರ್ಷ ನಮ್ಮ ಇತಿಹಾಸ ಉಪನ್ಯಾಸಕರು ಮಳೆ ಬಂದು ಆಟದ ಪೀರಿಯಡ್ ರದ್ದಾದ ಎರಡು ಶನಿವಾರ ಸ್ಮಾರ್ಟ್ ಬೋರ್ಡಿನಲ್ಲಿ ಒಂದು ಫ್ರೆಂಚ್ ಸಿನಿಮಾ ತೋರಿಸಿದರು. ‘ಗ್ರ್ಯಾಂಡ್ ಇಲ್ಯೂಷನ್’, 1937ರದ್ದು, ನಿರ್ದೇಶಕ ಜಾನ್ ರೆನ್ವಾ. ಕಪ್ಪು ಬಿಳುಪು. ಹಿಂದಿನ ಬೆಂಚು ಅರ್ಧ ಗಂಟೆಯಲ್ಲಿ ನಿದ್ದೆ ಹೋಯಿತು, ಹೆಸರು ಬರೆಯುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರಿಗೆ ಸೆರೆ ಸಿಕ್ಕ ಫ್ರೆಂಚ್ ಸೈನಿಕರ ಕಥೆ. ಅದರಲ್ಲಿ ಯುದ್ಧವೇ ಇಲ್ಲ, ಒಂದು ಬಾಂಬೂ ಬೀಳುವುದಿಲ್ಲ. ಕೊನೆಯ ಭಾಗದಲ್ಲಿ ತಪ್ಪಿಸಿಕೊಂಡ ಇಬ್ಬರು ಚಳಿಯಲ್ಲಿ ಒಂದು ದನದ ಕೊಟ್ಟಿಗೆಯಲ್ಲಿ ಅಡಗಿರುತ್ತಾರೆ. ಒಬ್ಬನ ಕಾಲು ಉಳುಕಿದೆ. ಹಸು ಕಟ್ಟಲು ಬಂದ ಎಲ್ಸಾ ಎಂಬ ಜರ್ಮನ್ ರೈತ ಹೆಂಗಸು ಅವರನ್ನು ನೋಡುತ್ತಾಳೆ. ಅವಳ ಗಂಡ ಅದೇ ಯುದ್ಧದಲ್ಲಿ ಸತ್ತಿದ್ದಾನೆ, ಅಣ್ಣತಮ್ಮಂದಿರೂ ಸತ್ತಿದ್ದಾರೆ. ಕೊಂದದ್ದು ಎದುರು ಪಕ್ಷದವರು, ಅಂದರೆ ಈ ಇಬ್ಬರ ಕಡೆಯವರು.

ಅವಳು ಊಟ ಕೊಡುತ್ತಾಳೆ. ಆಗ ಕಿಟಕಿ ಬಡಿಯುವ ಸದ್ದು. ಹೊರಗೆ ಜರ್ಮನ್ ಸೈನಿಕರ ತಂಡ, ದಾರಿ ಕೇಳಲು ನಿಂತಿದೆ. ಅವಳು ಒಂದು ಮಾತು ಹೇಳಿದರೆ ಸಾಕು. ಅವಳು ದಾರಿ ಹೇಳಿ ಕಿಟಕಿ ಮುಚ್ಚುತ್ತಾಳೆ. ಅಷ್ಟೇ. ಹಿನ್ನೆಲೆ ಸಂಗೀತದ ಅಬ್ಬರವಿಲ್ಲ, ಕಣ್ಣೀರಿಲ್ಲ. ನಾನು ಉಸಿರು ಬಿಟ್ಟದ್ದು ಆಮೇಲೆ. ನಾಜಿಗಳು ಈ ಸಿನಿಮಾವನ್ನು ನಿಷೇಧಿಸಿದ್ದರು ಎಂದು ಸರ್ ಹೇಳಿದರು. ಒಬ್ಬ ಹೆಂಗಸು ಶತ್ರುವಿಗೆ ಊಟ ಹಾಕಿದ ಸಿನಿಮಾಕ್ಕೆ ಒಂದು ಸರ್ಕಾರ ಹೆದರಿತು. ಆ ಸಿನಿಮಾದ ಇಬ್ಬರಲ್ಲಿ ಒಬ್ಬ ಯಹೂದಿ ಎಂಬುದೂ ಅವರಿಗೆ ಇಷ್ಟವಾಗಿರಲಾರದು.

ಇದೆಲ್ಲ ಕಲ್ಪನೆ ಎನ್ನುವವರಿಗೆ ನಿಜವಾದದ್ದೊಂದು ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಎಪಿನಾಲ್ ಎಂಬ ಊರಿನಲ್ಲಿ ಜರ್ಮನ್ನರು ಸಾವಿರಾರು ಭಾರತೀಯ ಸೈನಿಕರನ್ನು ಸೆರೆಯಲ್ಲಿಟ್ಟಿದ್ದರು. 1944ರ ಮೇ 11ರಂದು ಅಮೆರಿಕದ ವಿಮಾನಗಳ ಬಾಂಬು ಆ ಶಿಬಿರದ ಮೇಲೂ ಬಿತ್ತು. ಗೋಡೆ ಒಡೆಯಿತು, ನಮ್ಮವರು ಹೊರಗೆ ಓಡಿದರು. ಭಾಷೆ ಬಾರದ, ಬಣ್ಣದಿಂದಲೇ ಗುರುತು ಸಿಗುವ, ಕೆಲವರು ಪೇಟ ಕಟ್ಟಿದ್ದ ಜನ, ಜರ್ಮನ್ ಸೈನ್ಯದ ಕೈಯಲ್ಲಿದ್ದ ಹಳ್ಳಿಗಳ ನಡುವೆ ಸುಮಾರು 100 ಕಿಲೋಮೀಟರ್ ನಡೆದು ಸ್ವಿಟ್ಜರ್ಲೆಂಡಿನ ಗಡಿ ಸೇರಬೇಕು. 500ಕ್ಕೂ ಹೆಚ್ಚು ಜನ ಸೇರಿದರು. ದಾರಿಯುದ್ದಕ್ಕೂ ಬ್ರೆಡ್ಡು, ಆಲೂಗಡ್ಡೆ, ಹುಲ್ಲಿನ ಮೆದೆಯಲ್ಲಿ ಜಾಗ ಕೊಟ್ಟದ್ದು ಅಲ್ಲಿಯ ರೈತರು.

ಅಲ್ಲಿ ಕಾನೂನು ಏನಿತ್ತು ಗೊತ್ತೇ? 1941ರ ಸೆಪ್ಟೆಂಬರ್‌ನಲ್ಲೇ ಜರ್ಮನ್ ಸೇನಾಧಿಕಾರಿ ಗೋಡೆಗೋಡೆಗೆ ನೋಟಿಸ್ ಅಂಟಿಸಿದ್ದ. ವಿಮಾನದಿಂದ ಇಳಿದ ಅಥವಾ ತಪ್ಪಿಸಿಕೊಂಡ ಶತ್ರು ಸೈನಿಕರಿಗೆ ನೆರವಾದ ಗಂಡಸರಿಗೆ ಗುಂಡು, ಹೆಂಗಸರಿಗೆ ಜರ್ಮನಿಯ ಸೆರೆಶಿಬಿರ. ಹಿಡಿದುಕೊಟ್ಟವರಿಗೆ 10,000 ಫ್ರಾಂಕ್‌ವರೆಗೆ ಬಹುಮಾನ. ನೋಡಿ, ಒಂದು ಕಡೆ ನಗದು, ಇನ್ನೊಂದು ಕಡೆ ಗುಂಡು. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದ ಪ್ರಕಾರ ಲಾಭ ನಷ್ಟ ತೂಗಿ ತೀರ್ಮಾನ ತೆಗೆದುಕೊಂಡಿದ್ದರೆ ಒಬ್ಬ ಭಾರತೀಯನೂ ಗಡಿ ತಲುಪುತ್ತಿರಲಿಲ್ಲ. ನೆರವಾದ ಹಳ್ಳಿಗಳಲ್ಲಿ ಎಟೊಬೋ ಎಂಬುದೊಂದು. ಅದೇ ವರ್ಷ ಸೆಪ್ಟೆಂಬರ್ 27ರಂದು ಜರ್ಮನ್ನರು ಆ ಪುಟ್ಟ ಊರಿನ ಹತ್ತಿರ ಹತ್ತಿರ 40 ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದರು. ಅದು ಫ್ರೆಂಚ್ ಹೋರಾಟಗಾರರ ಜೊತೆ ನಿಂತದ್ದಕ್ಕೆ ಕೊಟ್ಟ ಶಿಕ್ಷೆ. ಆದರೆ ಅವರೇ ಆ ಬೇಸಿಗೆಯಲ್ಲಿ ನಮ್ಮವರಿಗೂ ಬಾಗಿಲು ತೆರೆದಿದ್ದ ಜನ. ನಮ್ಮ ದೇಶದಲ್ಲಿ ಎಷ್ಟು ಮಂದಿಗೆ ಆ ಊರಿನ ಹೆಸರು ಗೊತ್ತು?

ಇಷ್ಟು ದೂರ ಯಾಕೆ ಹೋಗಬೇಕು, ಶ್ರೀರಂಗಪಟ್ಟಣ ಇಲ್ಲೇ ಇದೆ. 1799ರ ಮೇ 4ರಂದು ಟಿಪ್ಪು ಸತ್ತು ಕೋಟೆ ಬಿದ್ದಾಗ, ಅಲ್ಲಿ ಸೆರೆಯಲ್ಲಿದ್ದ ಧೋಂಡಿಯಾ ವಾಘ್ ಹೊರಬಂದ. ಕೆಲಸ ಕಳೆದುಕೊಂಡ ಟಿಪ್ಪುವಿನ ಸಿಪಾಯಿಗಳು ಅವನ ಹಿಂದೆ ಹೋದರು. ಕರ್ನಲ್ ವೆಲ್ಲೆಸ್ಲಿ (ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ) ಅವನನ್ನು ಅಟ್ಟಿಸಿಕೊಂಡು ಹೋಗಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಮುಗಿಸಿದ. ಧೋಂಡಿಯಾ ಸಂತನೇನಲ್ಲ, ಊರುಗಳನ್ನು ದೋಚಿದವನು. ನನಗೆ ಬೇಕಾದದ್ದು ಅವನ ಮಗ. ಯುದ್ಧ ಮುಗಿದ ಮೇಲೆ ಸಾಮಾನುಗಳ ನಡುವೆ ನಾಲ್ಕು ವರ್ಷದ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತಂದು ನೋಡಿಕೊಂಡ, ಭಾರತ ಬಿಡುವಾಗ ಅವನಿಗಾಗಿ ಹಣ ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಮಹಾರಾಜರ ಸೇವೆಗೆ ಸೇರಿದ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ತಂದೆಯನ್ನು ಕೊಂದವನೇ ಮಗನಿಗೆ ಆಸರೆ. ಇದನ್ನು ಸಿನಿಮಾ ಮಾಡಿದರೆ ಹೀರೋ ಯಾರು, ವಿಲನ್ ಯಾರು ಎಂದು ಪೋಸ್ಟರ್ ಬರೆಯುವವನು ತಲೆ ಕೆಡಿಸಿಕೊಳ್ಳುತ್ತಾನೆ.

ಉರ್ದುವಿನಲ್ಲಿ ‘ಪನಾಹ್’ ಎನ್ನುತ್ತೇವೆ. ಕನ್ನಡದಲ್ಲಿ ಅದಕ್ಕೆ ಆಶ್ರಯ ಎಂದು ಬರೆಯುತ್ತಿದ್ದೆ. ‘ಮರೆಹೊಗು’ ಎಂಬ ಹಳೆಯ ಮಾತಿದೆ ಎಂದು ಕನ್ನಡ ಮೇಡಂ ಹೇಳಿದರು. ಒಬ್ಬರ ಮರೆಯಲ್ಲಿ ಹೋಗಿ ನಿಲ್ಲುವುದು. ನನಗೆ ಇದೇ ಹೆಚ್ಚು ಸರಿ ಎನಿಸಿತು. ಮರೆಯಾಗಿ ನಿಂತವರು ಗುಂಡಿಗೂ ಅಡ್ಡ ನಿಂತಿರುತ್ತಾರೆ.

2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿಗೆ ನೀರು ನುಗ್ಗಿದಾಗ ಎಷ್ಟೋ ಜನ ಬಾಗಿಲು ತೆರೆದರು, ಅನ್ನ ಹಾಕಿದರು. ಫೋಟೋ ಬಂತು, ಹೊಗಳಿಕೆ ಬಂತು, ಬರಲೇಬೇಕು. ಏಳೆಂಟು ತಿಂಗಳು ಕಳೆಯುವಷ್ಟರಲ್ಲಿ, 2020ರ ಮಾರ್ಚ್ ಏಪ್ರಿಲ್‌ನಲ್ಲಿ, ಕೊರೊನಾ ಬಂದು ‘ನಂಜನಗೂಡು’ ಎಂದರೆ ಸಾಕು ಜನ ಹಿಂದೆ ಸರಿಯುತ್ತಿದ್ದರು. ನಾನು ಚಿಕ್ಕವನು, ಆದರೆ ನೆನಪಿದೆ. ನಮ್ಮ ಮಾಮೂ ಗಾಡಿಯಲ್ಲಿ ಹಣ್ಣು ಮಾರುತ್ತಿದ್ದರು. ಊರಿನ ಹೆಸರಿಗೆ ಒಂದು ಅನುಮಾನ, ಗಡ್ಡ ಟೋಪಿಗೆ ಇನ್ನೊಂದು. ಒಂದು ಹಳ್ಳಿಯ ಬಾಗಿಲಲ್ಲೇ ಅವರನ್ನು ತಡೆದು ಕಳಿಸಿದರು. ಮುಂದಿನ ಊರಿನಲ್ಲಿ ಒಬ್ಬ ಅಜ್ಜಿ, ಮಾತಾಡದೆ, ಜಗಲಿಯ ಮೇಲೆ ಒಂದು ಚೊಂಬು ನೀರು ಮತ್ತು ಎಲೆಯಲ್ಲಿ ಮುದ್ದೆ ಇಟ್ಟು ಒಳಗೆ ಹೋದರಂತೆ. ಯಾರಾದರೂ ನೋಡಿಬಿಟ್ಟಾರು ಎಂದು ಬೀದಿಯ ಎರಡೂ ಕಡೆ ನೋಡಿದರಂತೆ. ಮಾಮೂ ಆ ಕಥೆ ಹೇಳುವಾಗ ತಡೆದವರ ಬಗ್ಗೆ ಒಂದು ವಾಕ್ಯ ಹೇಳುತ್ತಾರೆ, ಅಜ್ಜಿಯ ಬಗ್ಗೆ ಹತ್ತು ನಿಮಿಷ. ಇದನ್ನು ಯುದ್ಧಕ್ಕೆ ಹೋಲಿಸುತ್ತಿಲ್ಲ, ಯಾರೂ ಅಜ್ಜಿಗೆ ಗುಂಡು ಹೊಡೆಯುತ್ತಿರಲಿಲ್ಲ. ಆದರೆ ಬೀದಿಯ ಎರಡೂ ಕಡೆ ನೋಡುವುದು ಇದೆಯಲ್ಲ, ಅದು 1830ರಲ್ಲೂ ಅದೇ ಇದ್ದಿರಬೇಕು.

ನನ್ನ ಪಕ್ಕ ಕೂರುವವನ ವಾದ ಬೇರೆ. ಅಡಿಗೆಮನೆ ತೋರಿಸಿದರೆ ಟಿಕೆಟ್ ಹೋಗುವುದಿಲ್ಲ, ನಿರ್ಮಾಪಕ ಮನೆ ಮಾರಬೇಕಾಗುತ್ತದೆ ಎನ್ನುತ್ತಾನೆ. ಕಾಮರ್ಸ್ ವಿದ್ಯಾರ್ಥಿಯ ಮಾತು, ತಳ್ಳಿಹಾಕುವಂತಿಲ್ಲ. ಆದರೆ ಹೆದರಿಕೆ ಚೆನ್ನಾಗಿ ಮಾರಾಟವಾಗುತ್ತದೆ ಎಂದು ದೆವ್ವದ ಸಿನಿಮಾ ಮಾಡುವವರಿಗೆ ಗೊತ್ತು. ಹಟ್ಟಿಯಲ್ಲಿ ಮನುಷ್ಯ ಅಡಗಿದ್ದಾನೆ, ಹೊರಗೆ ಸಿಪಾಯಿ ನೀರು ಕೇಳುತ್ತಿದ್ದಾನೆ, ಮಗು ಎದ್ದು ಕೂತಿದೆ. ಇದಕ್ಕಿಂತ ಹೆದರಿಕೆ ಬೇಕೆ? ಕುದುರೆಯ ಬಾಡಿಗೆಯೂ ಉಳಿಯುತ್ತದೆ.

“ನೀನಾಗಿದ್ದರೆ ಬಚ್ಚಿಡುತ್ತಿದ್ದೆಯಾ?” ಎಂದೂ ಕೇಳಿದ. ತರಗತಿಯಲ್ಲಿ ಈ ಪ್ರಶ್ನೆ ಬಂದರೆ ಎಲ್ಲರೂ ಕೈ ಎತ್ತುತ್ತೇವೆ, ಅದಕ್ಕೆ ಖರ್ಚಿಲ್ಲ. ನಾನು ಅಮ್ಮಿಯನ್ನು ಕೇಳಿದೆ. ಅಮ್ಮಿ ಸ್ವಲ್ಪ ಹೊತ್ತು ಯೋಚಿಸಿ, “ನಿನ್ನ ತಂಗಿಯನ್ನು ಮೊದಲು ಬೇರೆ ಮನೆಗೆ ಕಳಿಸುತ್ತಿದ್ದೆ, ಆಮೇಲೆ ಬಾಗಿಲು ತೆಗೆಯುತ್ತಿದ್ದೆ” ಎಂದರು. ಯಾವ ಸಿನಿಮಾದಲ್ಲೂ ಇಷ್ಟು ನಿಜವಾದ ಡೈಲಾಗ್ ನಾನು ಕೇಳಿಲ್ಲ.

ಈಗ ಕೆಲಸದ ಮಾತು. ರಾಜ್ಯೋತ್ಸವಕ್ಕೆ ನಮ್ಮ ಕಾಲೇಜಿನಲ್ಲಿ ಈ ಸಲವೂ ರಾಯಣ್ಣನ ಕಿರುನಾಟಕವೇ. ಹೋದ ವರ್ಷ ಹನ್ನೊಂದು ಜನ ಹುಡುಗರಿಗೆ ರಟ್ಟಿನ ಕತ್ತಿ ಸಿಕ್ಕಿತ್ತು. ಹುಡುಗಿಯರು ನಾಲ್ವರು ಹಿಂದೆ ಸಾಲಾಗಿ ನಿಂತು ಜೈ ಎಂದು ಹೋದರು. ಈ ವರ್ಷ ಗಲ್ಲಿನ ದೃಶ್ಯಕ್ಕೆ ಮೊದಲು ಏಳು ನಿಮಿಷದ ಒಂದು ದೃಶ್ಯ ಸೇರಿಸಲು ಸಾಂಸ್ಕೃತಿಕ ಸಮಿತಿ ಒಪ್ಪಿದೆ. ಒಂದು ಮನೆ, ಒಂದು ಬೀಸುವ ಕಲ್ಲು, ಒಬ್ಬ ಗಂಡ, ಒಬ್ಬ ಹೆಂಡತಿ, ಒಂದು ಮಗು, ಪಕ್ಕದ ಮನೆಯ ಸಿದ್ದಿ ಹೆಂಗಸು, ಬಾಗಿಲಲ್ಲಿ ಇಬ್ಬರು ಸಿಪಾಯಿಗಳು. ರಾಯಣ್ಣ ಹುಲ್ಲಿನ ಹಿಂದೆ ಇರುತ್ತಾನೆ, ಅವನಿಗೆ ಮಾತಿಲ್ಲ. ಅದಕ್ಕೇ ಹೋದ ವರ್ಷದ ರಾಯಣ್ಣ ಮುನಿಸಿಕೊಂಡಿದ್ದಾನೆ, ಸರಿಹೋಗುತ್ತಾನೆ.

ಕಲ್ಲನ್ನು ಹುಲ್ಲಹಳ್ಳಿ ಕಡೆಯ ಒಬ್ಬ ಸಹಪಾಠಿ ತನ್ನ ಅಜ್ಜಿಯ ಮನೆಯಿಂದ ತರುತ್ತಾಳೆ. ನಿಜವಾದ ಕಲ್ಲು, ಇಬ್ಬರು ಹಿಡಿದು ಎತ್ತಬೇಕು. ಹೆಂಡತಿಯ ಪಾತ್ರಕ್ಕೆ ಇನ್ನೂ ಹೆಸರಿಟ್ಟಿಲ್ಲ. ಯಾರಿಗಾದರೂ ಒಳ್ಳೆಯ ಹೆಸರು ಹೊಳೆದರೆ ಶುಕ್ರವಾರದೊಳಗೆ ಒಂದು ಚೀಟಿಯಲ್ಲಿ ಬರೆದು ಗ್ರಂಥಾಲಯದ ಮೇಜಿನ ಮೇಲಿರುವ ಡಬ್ಬಿಗೆ ಹಾಕಿ.